ಹೂಂ ಅಂದವರ ಮೆದುಳು

ಆ ಪತ್ರಕ್ಕೆ ಸಹಿ ಹಾಕಿದವಳು ನಾನು. ಮೇಲಿನವರು ಹೇಳಿದರು, ಸಮಯ ಇರಲಿಲ್ಲ, ಪೂರ್ತಿ ಓದಲಿಲ್ಲ ಎಂದೆಲ್ಲ ಈಗ ಬರೆದು ಕೈ ತೊಳೆದುಕೊಳ್ಳಬಹುದು. ನಾನು ಓದಿದ್ದೆ. ಹನ್ನೊಂದು ಪತ್ರಗಳಿದ್ದವು, ಹನ್ನೊಂದಕ್ಕೂ ನೀಲಿ ಪೆನ್ನಿನಲ್ಲಿ ಸಹಿ ಹಾಕಿದೆ, ಲಕೋಟೆಗೆ ಅಂಟೂ ನಾನೇ ಹಚ್ಚಿದೆ.

ಪತ್ರದಲ್ಲಿ ಇದ್ದದ್ದು ಇಷ್ಟು: "ತಮ್ಮ ಮೆದುಳಿನ ಭಾಗಗಳ ನಡುವಿನ ಸಂಪರ್ಕದಲ್ಲಿ ವಯಸ್ಸಿಗೆ ಮೀರಿದ ವ್ಯತ್ಯಾಸ ಕಂಡುಬಂದಿದೆ. ದಯವಿಟ್ಟು ನರರೋಗ ತಜ್ಞರನ್ನು ಕಾಣುವುದು." ಎರಡೇ ವಾಕ್ಯ. ಹನ್ನೊಂದು ಮನೆಗಳ ನೆಮ್ಮದಿ ಕೆಡಿಸಲು ಅಷ್ಟು ಸಾಕಾಯಿತು.

ನಾವು ಮಾಡುತ್ತಿದ್ದ ಅಧ್ಯಯನದ ಪ್ರಶ್ನೆ ಸರಳವಾಗಿತ್ತು. ಯಾವ ಕಾಯಿಲೆಯೂ ಇಲ್ಲದೆ, ಗಟ್ಟಿಮುಟ್ಟಾಗಿ ವಯಸ್ಸಾದವರ ಮೆದುಳಿನಲ್ಲಿ ಏನು ಬದಲಾಗುತ್ತದೆ? ಯೋಜನೆಯ ಮುಖ್ಯಸ್ಥರು ಮೈಸೂರಿನಲ್ಲಿದ್ದರು. ಕೊಡಗಿನ ಕೆಲಸ ಪೂರ್ತಿ ನನ್ನದು. ಅರವತ್ತೈದು ದಾಟಿದ ಆರೋಗ್ಯವಂತರನ್ನು ಹುಡುಕುವುದು, ಮನೆಗೇ ಹೋಗಿ ನೆನಪಿನ ಮತ್ತು ಗಮನದ ಪರೀಕ್ಷೆಗಳನ್ನು ಮಾಡುವುದು, ಆಮೇಲೆ ವ್ಯಾನಿನಲ್ಲಿ ಕೂರಿಸಿ ಮೈಸೂರಿನ ಒಂದು ಸ್ಕ್ಯಾನ್ ಕೇಂದ್ರಕ್ಕೆ ಕರೆದುಕೊಂಡು ಹೋಗುವುದು. ನಾನು ಶನಿವಾರಸಂತೆ ಕಡೆಯವಳು. ನಮ್ಮ ಕಡೆಯ ಮಾತು ಹಾಸನದ ಮಾತಿನ ಹಾಗೆ, ಸ್ವಲ್ಪ ಜೋರು. ಅದರಿಂದ ಕೆಲವು ಬಾಗಿಲು ತೆರೆದವು, ಕೆಲವು ಮುಚ್ಚಿದವು.

ಭಾಗಮಂಡಲದ ರಸ್ತೆಯಿಂದ ಮೇಲೆ ಹತ್ತುವ ಒಂದು ತೋಟದಲ್ಲಿ ತೆರೆದ ಬಾಗಿಲಿನವರ ಬಗ್ಗೆಯೇ ಈ ಬರಹ. ನಾನು ಹೋದಾಗ ಎಪ್ಪತ್ತನಾಲ್ಕು ವರ್ಷದ ಹೆಂಗಸೊಬ್ಬರು ಜೀಪಿನ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದರು.

"ಅಜ್ಜಿ, ಮನೆ ಯಜಮಾನರು ಇದ್ದಾರಾ?" ಎಂದು ಕೇಳಿದೆ.

"ಯಜಮಾನಿ ಇದ್ದಾಳೆ. ಅಜ್ಜಿ ಇಲ್ಲೆ," ಎಂದರು, ತಲೆ ಎತ್ತದೆ.

ಅವರು ಅರೆಭಾಷೆಯವರು; ಅದರಲ್ಲಿ ಇಲ್ಲ ಎನ್ನಲು ಇಲ್ಲೆ, ಇದೆ ಎನ್ನಲು ಉಟ್ಟು. ನನ್ನ ಜೊತೆ ಕನ್ನಡ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಅರೆಭಾಷೆಗೆ ಜಾರುತ್ತಿದ್ದರು. ಬೆಳಿಗ್ಗೆ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಹೆಂಗಸರನ್ನು ಜೀಪಿನಲ್ಲಿ ಕೂರಿಸಿಕೊಂಡು ಮೇಲಿನ ಬ್ಲಾಕಿಗೆ ಬಿಡುವುದು ಅವರ ಕೆಲಸ. ಮಳೆಗಾಲದಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರ ಕಾಲು ಮುರಿದರೂ ಅದೇ ಜೀಪು. ಹೆಂಗಸರೆಲ್ಲ ಅವರನ್ನು ಜೀಪಿನಮ್ಮ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯಲು ಶುರು ಮಾಡಿದೆ, ಬೈಯಲಿಲ್ಲ.

ಪರೀಕ್ಷೆಯಲ್ಲಿ ಹತ್ತು ಪದ ಓದಿ ಹೇಳಿದೆ. ಇಪ್ಪತ್ತು ನಿಮಿಷ ಬೇರೆ ಕೆಲಸ ಕೊಟ್ಟು ಆಮೇಲೆ ಕೇಳಿದಾಗ ಎಂಟು ಹೇಳಿದರು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಹುದು ಎಂದು ಕೇಳಿದೆ. "ಆನೆ" ಎಂದವರು ಅಲ್ಲೇ ನಿಂತು, "ಆನೆ ಮೊನ್ನೆ ಗುರುವಾರ ಬಂದಿತ್ತ್, ಬಾಳೆ ಎಲ್ಲ ತುಳ್ದ್ ಹಾಕಿತ್" ಎಂದು ಅದು ಬಂದ ದಾರಿಯನ್ನೆಲ್ಲ ವಿವರಿಸಿದರು. ಗಡಿಯಾರ ಓಡುತ್ತಿತ್ತು. ಅಂಕಿಗೆ ಗುರುತು ಹಾಕುವ ಇನ್ನೊಂದು ಪರೀಕ್ಷೆ ಇದೆ. ಮೇಲೆ ಒಂದೊಂದು ಅಂಕಿಗೂ ಒಂದೊಂದು ಗುರುತು ಬರೆದಿರುತ್ತದೆ, ಅದನ್ನು ನೋಡಿಕೊಂಡು ಕೆಳಗಿನ ಖಾಲಿ ಮನೆಗಳನ್ನು ತೊಂಬತ್ತು ಸೆಕೆಂಡಿನಲ್ಲಿ ತುಂಬಬೇಕು. ಹೋಲಿಸಿ ನೋಡಲೆಂದು ನಾವು ಸೇರಿಸಿಕೊಂಡಿದ್ದ ಕಾಲೇಜಿನ ಮಕ್ಕಳು ತುಂಬುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿದರು. ಒಂದೂ ತಪ್ಪಿರಲಿಲ್ಲ. "ಸ್ವಲ್ಪ ಬೇಗ ಬೇಗ ಮಾಡಿ" ಎಂದದ್ದಕ್ಕೆ, "ತಪ್ಪಿದ್ರೆ ನೀ ಬಂದು ತಿದ್ದಿಯಾ?" ಎಂದರು.

ಇದು ಪುಸ್ತಕದಲ್ಲಿ ಇರುವ ಹಾಗೇ ಇತ್ತು. ವಯಸ್ಸಾದಂತೆ ವೇಗ ಇಳಿಯುತ್ತದೆ. ಪದಸಂಪತ್ತು, ಲೋಕಜ್ಞಾನ, ಒಂದು ಕೆಲಸದ ಹದ ಬಹುಮಟ್ಟಿಗೆ ಉಳಿಯುತ್ತವೆ. ಅವರನ್ನು ಆರೋಗ್ಯವಂತರ ಪಟ್ಟಿಗೆ ಸೇರಿಸಿದೆ.

ಸ್ಕ್ಯಾನಿನ ಕಥೆ ಬೇರೆ. ಎಂಆರ್‌ಐ ಯಂತ್ರದ ಕೊಳವೆಯೊಳಗೆ ಹೋಗುವ ಮೊದಲು ಮೂಗುಬೊಟ್ಟು, ಬಳೆ, ಪಿನ್ನು ಎಲ್ಲ ಕಳಚಬೇಕು. ತಲೆಯ ಎರಡೂ ಬದಿಗೆ ಸ್ಪಂಜು ತುರುಕುತ್ತಾರೆ, ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ, ಕೈಗೆ ಒಂದು ರಬ್ಬರ್ ಚೆಂಡು ಕೊಡುತ್ತಾರೆ, ಭಯವಾದರೆ ಹಿಸುಕಬಹುದು. ಮೊದಲು ಮೆದುಳಿನ ಆಕಾರದ ಚಿತ್ರ. ಆಮೇಲೆ ಹತ್ತು ನಿಮಿಷ ಏನೂ ಮಾಡದೆ, ಎದುರಿಗೆ ಕಾಣುವ ಒಂದು ಪ್ಲಸ್ ಗುರುತನ್ನು ನೋಡುತ್ತ ಮಲಗಿರಬೇಕು. ಯಂತ್ರ ಎರಡು ಸೆಕೆಂಡಿಗೊಂದರಂತೆ ಮುನ್ನೂರು ಚಿತ್ರ ತೆಗೆಯುತ್ತದೆ. ಮೆದುಳಿನ ಯಾವ ಯಾವ ಭಾಗಗಳಲ್ಲಿ ರಕ್ತದ ಆಮ್ಲಜನಕ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೋ ಅವುಗಳ ನಡುವೆ ಸಂಪರ್ಕ ಇದೆ ಎಂದು ಲೆಕ್ಕ. ನಮ್ಮ ಅಧ್ಯಯನದ ಜೀವ ಇದ್ದದ್ದು ಆ ಹತ್ತು ನಿಮಿಷದಲ್ಲಿ.

ಪ್ರಾಯದವರ ಮೆದುಳಿನಲ್ಲಿ ಈ ಸಂಪರ್ಕದ ಗುಂಪುಗಳು ಬೇರೆ ಬೇರೆಯಾಗಿರುತ್ತವೆ, ಲೈನ್ ಮನೆಗಳ ಹಾಗೆ. ಒಂದೊಂದು ಮನೆಗೂ ಅದರದೇ ಒಲೆ, ಅದರದೇ ಮಾತು. ವಯಸ್ಸಾದಂತೆ ನಡುವಿನ ಗೋಡೆ ತೆಳುವಾಗುತ್ತದೆ. ಗುಂಪಿನೊಳಗಿನ ನಂಟು, ಅದರಲ್ಲೂ ದೂರದೂರದ ಭಾಗಗಳ ನಂಟು ಸಡಿಲವಾಗುತ್ತದೆ, ಪಕ್ಕದ ಗುಂಪಿನ ಜೊತೆ ಮಾತುಕತೆ ಹೆಚ್ಚುತ್ತದೆ. ಇದು ರೋಗವಲ್ಲ. ಎಲ್ಲರಿಗೂ ಆಗುತ್ತದೆ, ನನಗೂ ಆಗುತ್ತಿದೆ, ಓದುತ್ತಿರುವ ನಿಮಗೂ.

ಮೊದಲ ತಿಂಗಳಲ್ಲಿ ಒಂದು ಎಡವಟ್ಟಾಯಿತು. ಇಬ್ಬರು ಹಿರಿಯರು ಆ ಹತ್ತು ನಿಮಿಷದಲ್ಲಿ ಗೊರಕೆ ಹೊಡೆದರು. ನಿದ್ದೆಯಲ್ಲಿ ಮೆದುಳಿನ ಸಂಪರ್ಕ ಬೇರೆಯೇ ರೀತಿ ಇರುತ್ತದೆ, ಆ ಚಿತ್ರ ಪ್ರಯೋಜನಕ್ಕೆ ಬರುವುದಿಲ್ಲ. ನಾನು ಒಂದು ನಿಯಮ ಬರೆದೆ: ಅರವತ್ತೈದು ದಾಟಿದವರಿಗೆ ಆಪರೇಟರ್ ಎರಡು ನಿಮಿಷಕ್ಕೊಮ್ಮೆ ಹೆಡ್‌ಫೋನಿನಲ್ಲಿ ಕಣ್ಣು ತೆರೆದಿರಿ ಎಂದು ನೆನಪಿಸಬೇಕು. ಪ್ರಾಯದವರಿಗೆ ಬೇಡ. ಎಲ್ಲರೂ ಒಪ್ಪಿದರು. ಗೊರಕೆ ನಿಂತಿತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಫಲಿತಾಂಶ ಬಂದಾಗ ಮುಖ್ಯಸ್ಥರಿಗೆ ಬಹಳ ಸಂತೋಷವಾಗಿತ್ತು. ನಮ್ಮ ಹಿರಿಯರ ಮೆದುಳಿನ ಗೋಡೆಗಳು ಬೇರೆ ಕಡೆಯವರಿಗಿಂತ ತೀರ ತೆಳು, ಹನ್ನೊಂದು ಮಂದಿಯದಂತೂ ವಿಪರೀತ ತೆಳು. ಸೇರಿಕೊಂಡವರಿಗೆಲ್ಲ ನಿಮ್ಮ ವರದಿ ಕೊಡುತ್ತೇವೆ ಎಂದು ನಾವು ಮೊದಲೇ ಆಸೆ ತೋರಿಸಿದ್ದೆವು. ಹಾಗಾಗಿ ಹನ್ನೊಂದು ಪತ್ರ ಸಿದ್ಧವಾದವು. "ಸರ್, ಇಂಥ ಒಂದು ಸ್ಕ್ಯಾನ್ ನೋಡಿ ಒಬ್ಬ ಮನುಷ್ಯನ ಬಗ್ಗೆ ಹೀಗೆ ಹೇಳೋಕಾಗುತ್ತಾ?" ಎಂದು ಕೇಳಿದೆ. ಕೇಳಿದ್ದು ಮೆಲುದನಿಯಲ್ಲಿ. "ಎಚ್ಚರಿಕೆ ಕೊಟ್ಟರೆ ನಷ್ಟ ಏನು?" ಎಂದರು. ಊರಲ್ಲಿ ಜೋರು ಬಾಯಿಯವಳೆಂದು ಹೆಸರು ಪಡೆದ ನಾನು ಅವತ್ತು ಸುಮ್ಮನಾಗಿ ಪೆನ್ನು ತೆಗೆದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಕೋಪವಿದೆ.

ಪತ್ರ ಹಾಕಿ ಎರಡು ವಾರಕ್ಕೆ ಜೀಪಿನಮ್ಮ ಮಡಿಕೇರಿಯ ನಮ್ಮ ಆಫೀಸಿಗೆ ಬಂದರು. ಬಸ್ಸಿನಲ್ಲಿ ಬಂದಿದ್ದರು. ನೀರು ಕೊಟ್ಟರೆ ಕುಡಿಯಲಿಲ್ಲ. ಪತ್ರವನ್ನು ನನ್ನ ಮೇಜಿನ ಮೇಲೆ ಇಟ್ಟು ಸಹಿಯ ಮೇಲೆ ಬೆರಳಿಟ್ಟರು.

"ಇದ್ ನಿಂದೇಯಾ?"

"ಹೌದಮ್ಮ."

"ಸರಿ. ನನ್ನ ತಲೆಲಿ ಎಂಥ ಉಟ್ಟು, ನೀನೇ ಬಾಯಲ್ಲಿ ಹೇಳು. ಓದ್ಬೇಡ, ಹೇಳು."

ಹೇಳಲು ಹೋದೆ. ಸಂಪರ್ಕ, ಗುಂಪು, ವ್ಯತ್ಯಾಸ ಎಂದು ಮೂರು ಸಲ ಶುರು ಮಾಡಿ ಮೂರು ಸಲವೂ ನಿಂತೆ. ಆಕೆಯ ಮುಖ ನೋಡಿಕೊಂಡು ಆ ವಾಕ್ಯ ಹೇಳಲು ನಾಲಿಗೆ ಏಳಲಿಲ್ಲ.

"ಮಗ ಜೀಪಿನ ಕೀ ಅಡಗ್ಸಿ ಇಟ್ಟಿದಾನೆ," ಎಂದರು. "ಪೇಪರ್ ಬಂದ ದಿವ್ಸವೇ. ಅವ್ನ ತಪ್ಪಿಲ್ಲೆ, ಅವ್ನಿಗೆ ಹೆದ್ರಿಕೆ. ದಾರಿ ಮರ್ತು ಹೋದ್ರೆ, ತಿರುವಿಲಿ ಬ್ರೇಕ್ ಮರ್ತು ಹೋದ್ರೆ ಅಂತ. ಪಿಕ್ಕಿಂಗಿನವು ನಡ್ಕೊಂಡ್ ಹತ್ತುತಾ ಅವೆ. ನಾ ಜಗಲಿಲಿ ಕೂತ್ ನೋಡ್ತಾ ಇದ್ದೇನೆ. ಜೀಪಿಲ್ಲದ ಮೇಲೆ ನಾನು ಆ ಮನೆಲಿ ಒಂದು ಸಾಮಾನು ಅಷ್ಟೆ."

ಪೊಲೀಸರು ಕೇಳುವ ಹಾಗೆ, ಸ್ಕ್ಯಾನಿನ ದಿನ ಏನಾಯಿತು ಎಂದು ಮೊದಲಿಂದ ಕೇಳಿದೆ. ಅವರು ಒಂದೂ ಬಿಡದೆ ಹೇಳಿದರು. ವ್ಯಾನ್ ಕುಶಾಲನಗರದಲ್ಲಿ ಎಲ್ಲಿ ನಿಂತಿತು, ಯಾರು ಇಡ್ಲಿ ತಿಂದರು, ಕೊಳವೆಯ ಸದ್ದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟಾಗ ಬರುವ ಸದ್ದಿನ ಹಾಗಿತ್ತು ಎಂಬುದನ್ನೂ ಹೇಳಿದರು.

"ಆ ಮೆಷಿನಿನ ಮನುಷ್ಯ ಒಳ್ಳೆಯವ. ಅಷ್ಟ್ ಸದ್ದಿಲಿ ಕೂಡ ಆಗಾಗ ಮಾತಾಡಿಸ್ತಿದ್ದ. ಅಮ್ಮಾ ಕಣ್ಣು ಬಿಟ್ಕೊಂಡಿದ್ದೀರಲ್ಲ ಅಂತ ಕೇಳ್ತಿದ್ದ. ನಾ ಹೂಂ ಅಂತಿದ್ದೆ."

ಹಾಗೆ ಹೇಳುವಾಗ ಅವರ ತಲೆ ಮೆಲ್ಲಗೆ ಕೆಳಗೆ ಹೋಗಿ ಮೇಲೆ ಬಂತು.

"ಅಮ್ಮ, ಒಳಗೂ ಹೀಗೇ ತಲೆ ಆಡಿಸಿದ್ರಾ?"

"ತಲೆ ಆಡಿಸದೆ ಹೂಂ ಹೇಳೋದು ಹೆಂಗೆ? ಒಬ್ಬ ಮನುಷ್ಯ ಮರ್ಯಾದೆಲಿ ಮಾತಾಡಿಸುವಾಗ ಮರದ ಹಾಗೆ ಬಿದ್ದಿರೋಕಾಗ್ತದಾ?"

ನಮ್ಮಲ್ಲಿ ಯಾರಾದರೂ ಮಾತಾಡುವಾಗ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಹೇಳುವವರು ಕಥೆ ನಿಲ್ಲಿಸಿ, ನಿದ್ದೆ ಬಂತಾ, ಸಿಟ್ಟು ಬಂತಾ ಎಂದು ಕೇಳುತ್ತಾರೆ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು. ನಾನೂ ಅದೇ ನೀರು ಕುಡಿದು ಬೆಳೆದವಳು. ಆದರೂ ಆ ನಿಯಮ ಬರೆಯುವಾಗ ಇದು ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವರನ್ನು ಬಸ್ಸು ಹತ್ತಿಸಿ ಬಂದು ಕಂಪ್ಯೂಟರ್ ತೆರೆದೆ. ಪ್ರತಿ ಸ್ಕ್ಯಾನಿನ ಜೊತೆಗೂ ತಲೆ ಎಷ್ಟು ಅಲುಗಿತು ಎಂಬುದರ ಗೆರೆಗಳು ಇರುತ್ತವೆ. ನಾವು ಅದನ್ನು ಇಡಿಯಾಗಿ ನೋಡುತ್ತಿರಲಿಲ್ಲ, ಹತ್ತು ನಿಮಿಷದ ಸರಾಸರಿ ಮಿತಿಯೊಳಗೆ ಇದ್ದರೆ ಮುಂದಕ್ಕೆ ಕಳಿಸುತ್ತಿದ್ದೆವು. ಈಗ ಜೀಪಿನಮ್ಮನ ಗೆರೆಗಳನ್ನು ಬಿಡಿಸಿ ನೋಡಿದೆ. ಉದ್ದಕ್ಕೂ ಸಪಾಟು. ಅರವತ್ತನೆಯ ಚಿತ್ರದ ಹತ್ತಿರ ಒಂದು ಮೊನೆ. ನೂರಿಪ್ಪತ್ತರಲ್ಲಿ ಒಂದು. ನೂರೆಂಬತ್ತು, ಇನ್ನೂರನಲವತ್ತು. ಎರಡು ಸೆಕೆಂಡಿಗೊಂದು ಚಿತ್ರ. ಸರಿಯಾಗಿ ಎರಡೆರಡು ನಿಮಿಷಕ್ಕೊಂದು ಹೂಂ.

ಉಳಿದ ಹತ್ತು ಜನರದ್ದನ್ನೂ ತೆರೆದೆ. ಅವೇ ಜಾಗಗಳಲ್ಲಿ ಅವೇ ನಾಲ್ಕು ಮೊನೆ. ಕೆಲವರದ್ದು ಇನ್ನೂ ಅಗಲ, ಬರೀ ಹೂಂಗೆ ನಿಲ್ಲಿಸದೆ ಮಾತು ಮುಂದುವರಿಸಿದವರದ್ದು. ಆಪರೇಟರಿಗೆ ಫೋನ್ ಮಾಡಿ ವಿಚಾರಿಸಿದರೆ ನಕ್ಕ. ಒಬ್ಬರು ಒಳಗಿಂದಲೇ "ನಿಂಗೆ ಊಟ ಆಯ್ತಾ ಮಗಾ?" ಎಂದು ಕೇಳಿದ್ದರಂತೆ. ಕಾಲೇಜಿನ ಮಕ್ಕಳ ಗೆರೆಗಳಲ್ಲಿ ಒಂದೂ ಮೊನೆ ಇರಲಿಲ್ಲ. ಅವರನ್ನು ಯಾರೂ ಮಾತಾಡಿಸಿರಲಿಲ್ಲವಲ್ಲ.

ಈ ವಿದ್ಯೆಯ ದೊಡ್ಡ ಗಂಡಾಂತರ ಇರುವುದು ಇಲ್ಲಿಯೇ. ತಲೆ ಒಂದೆರಡು ಮಿಲಿಮೀಟರ್ ಅಲುಗಿದರೂ ಹತ್ತಿರದ ಭಾಗಗಳು ಒಟ್ಟಿಗೆ ಏರಿಳಿದಂತೆ ಕಾಣುತ್ತವೆ, ದೂರದ ಭಾಗಗಳು ಬಿಡಿಬಿಡಿಯಾದಂತೆ ಕಾಣುತ್ತವೆ. ವಯಸ್ಸಾದ ಮೆದುಳಿನ ಗುರುತು ಎಂದು ನಾವು ಹುಡುಕುತ್ತಿದ್ದದ್ದೂ ಹೆಚ್ಚುಕಡಿಮೆ ಅದನ್ನೇ. ತಲೆ ಅಲುಗಿದ್ದನ್ನು ನಾವು ಮುಪ್ಪು ಎಂದು ಓದಿದ್ದೆವು, ಮುಪ್ಪನ್ನು ಕಾಯಿಲೆ ಎಂದು ಬರೆದಿದ್ದೆವು.

ಆದರೆ ಅನುಮಾನ ಬಂದ ಮಾತ್ರಕ್ಕೆ ಆಗುವುದಿಲ್ಲ, ತೋರಿಸಬೇಕು. ಮರುದಿನವೇ ಮೈಸೂರಿಗೆ ಹೋದೆ. ಆಪರೇಟರ್ ಕುಟ್ಟದ ಕಡೆಯವನು, ಮನೆಮಾತು ಮಲಯಾಳ, ಎಲ್ಲರ ಜೊತೆ ಬಾಯ್ತುಂಬ ಮಾತಾಡುವ ಮನುಷ್ಯ. ಮಧ್ಯಾಹ್ನದ ಬಿಡುವಿನಲ್ಲಿ ನನ್ನನ್ನೇ ಒಳಗೆ ಹಾಕು ಎಂದೆ.

"ಅಕ್ಕಾ, ನಿಮಗೆ ಗೊತ್ತಿದೆಯಲ್ಲ, ನೀವು ಅಲ್ಲಾಡೋದಿಲ್ಲ. ಏನ್ ಪ್ರಯೋಜನ?"

"ನೋಡೋಣ. ನೀನು ಎಲ್ಲರಿಗೂ ಹೇಳೋ ಹಾಗೇ ಹೇಳು."

ಮಲಗಿದೆ. ಏನಾದರೂ ಆಗಲಿ ತಲೆ ಆಡಿಸುವುದಿಲ್ಲ ಎಂದು ಹಲ್ಲು ಕಚ್ಚಿದೆ. ಮೊದಲ ಸಲ ಅವನ ದನಿ ಬಂದಾಗ ಗೆದ್ದೆ. ಎರಡನೆಯ ಸಲ ಅವನು, "ಅಕ್ಕಾ, ಕಣ್ಣು ಬಿಟ್ಕೊಂಡಿದ್ದೀರಲ್ಲ? ಆರಾಮಾಗಿದ್ದೀರಲ್ಲ?" ಎಂದ. ಆ "ಅಕ್ಕಾ" ಎಂಬುದು ಕಿವಿಗೆ ಬಿದ್ದು, ನನಗೆ ಅರಿವಾಗುವ ಮೊದಲೇ ಗದ್ದ ಎದೆಯ ಕಡೆಗೆ ಹೋಗಿತ್ತು. ಹೊರಗೆ ಬಂದು ಗೆರೆ ನೋಡಿದರೆ ಮೂರು ಮೊನೆ. ಆಗ ನನಗೆ ನಲವತ್ತಾರು. ನಾನೇ ಬರೆದ ನಿಯಮ, ನನಗೇ ಗೊತ್ತಿರುವ ಗುಟ್ಟು, ಆದರೂ ಮೂರು ಸಲ ಹೂಂ ಅಂದಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಇದಕ್ಕೇ ಇರಬೇಕು.

ಆ ಕಾಗದಗಳನ್ನೆಲ್ಲ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ. ಈ ಸಲ ಮೆಲುದನಿ ಇರಲಿಲ್ಲ.

"ಅಲುಗಾಟವನ್ನು ಸಾಫ್ಟ್‌ವೇರ್ ಸರಿ ಮಾಡುತ್ತೆ," ಎಂದರು.

"ಸರಿ ಮಾಡಿದ ಮೇಲೂ ಉಳಿದಿದೆ ಸರ್. ಆ ನಾಲ್ಕು ಜಾಗ ಕತ್ತರಿಸಿ ಮತ್ತೆ ಲೆಕ್ಕ ಹಾಕಿದ್ದೇನೆ. ವಿಪರೀತ ಅಂತ ನಾವು ಬರೆದದ್ದು ಅರ್ಧಕ್ಕರ್ಧ ಕರಗಿಹೋಗುತ್ತೆ. ನೋಡಿ."

ಅವರು ದಡ್ಡರಲ್ಲ. ಹಾಳೆ ಹಾಳೆಯಾಗಿ ನೋಡಿದರು. ಸಮ್ಮೇಳನಕ್ಕೆ ಲೇಖನದ ಸಾರಾಂಶ ಹೋಗಿಯಾಗಿತ್ತು, ಅದು ನನಗೂ ಗೊತ್ತಿತ್ತು.

"ಒಂದು ಕೆಲಸ ಮಾಡೋಣ," ಎಂದರು. "ಈ ಹನ್ನೊಂದು ಜನರನ್ನು ಗುಂಪಿನಿಂದ ಬಿಟ್ಟುಬಿಡೋಣ. ಉಳಿದವರದ್ದು ಇರಲಿ."

"ಪತ್ರ?"

"ಪತ್ರದಲ್ಲಿ ತಜ್ಞರನ್ನು ಕಾಣಿ ಅಂತ ಇದೆ, ಅಷ್ಟೇ ಅಲ್ಲವೇ. ವಯಸ್ಸಾದವರು ಒಮ್ಮೆ ತೋರಿಸಿಕೊಂಡರೆ ಒಳ್ಳೆಯದೇ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೆ ಮೈ ಉರಿಯಿತು. ಹನ್ನೊಂದು ಜನ ಲೆಕ್ಕದಿಂದ ಕಾಣೆಯಾಗುತ್ತಾರೆ, ನಮ್ಮ ಮಾನ ಉಳಿಯುತ್ತದೆ, ಅವರ ಮನೆಯ ಕಪಾಟಿನಲ್ಲಿ ಮಾತ್ರ ನನ್ನ ಸಹಿ ಕೂತಿರುತ್ತದೆ. "ಆ ಪತ್ರ ವಾಪಸ್ ತಗೋತೇನೆ ಸರ್," ಎಂದೆ.

"ಯೋಜನೆಯ ಹೆಸರಲ್ಲಿ ನೀವು ಹಾಗೆ ಬರೆಯುವ ಹಾಗಿಲ್ಲ."

"ಸಹಿ ಯೋಜನೆ ಹಾಕಿಲ್ಲ, ನಾನು ಹಾಕಿದ್ದೇನೆ. ನನ್ನ ಸಹಿಯನ್ನು ನಾನು ವಾಪಸ್ ತಗೊಳ್ಳೋಕೆ ಯಾರ ಅಪ್ಪಣೆ ಬೇಕು?"

ಮಡಿಕೇರಿಗೆ ವಾಪಸ್ ಬರುವ ಬಸ್ಸು ಹತ್ತಿದೆ. ಕೆಲಸ ಹೋಗುತ್ತದೆ ಎಂದು ಗೊತ್ತಾಗಿತ್ತು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಹಾರಂಗಿ ಕಡೆಯ ತಿರುವು ಬರುವ ಹೊತ್ತಿಗೆ ಪತ್ರದ ಒಕ್ಕಣೆ ಮನಸ್ಸಿನಲ್ಲಿ ಪೂರ್ತಿ ಆಗಿತ್ತು. "ಹಿಂದಿನ ಪತ್ರ ತಪ್ಪು. ಸ್ಕ್ಯಾನ್ ಆಗುವಾಗ ನಿಮ್ಮನ್ನು ಮಾತಾಡಿಸಿ ತಲೆ ಅಲುಗುವಂತೆ ಮಾಡಿದವರು ನಾವು. ಆ ವರದಿಯಿಂದ ನಿಮ್ಮ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ. ಕ್ಷಮಿಸಿ." ಒಂದು ಪ್ರತಿಯನ್ನು ಗೆರೆಗಳ ಸಮೇತ ಅಧ್ಯಯನದ ನೈತಿಕ ಸಮಿತಿಗೆ ಕಳಿಸಿದೆ. ಉಳಿದ ಹನ್ನೊಂದನ್ನು ಅಂಚೆಗೆ ಹಾಕಲಿಲ್ಲ. ಬಸ್ಸಿನಲ್ಲಿ, ಆಟೋದಲ್ಲಿ, ಕೆಲವು ಕಡೆ ನಡೆದು, ಒಂಬತ್ತು ದಿನ ತಿರುಗಿ ನಾನೇ ಕೈಗೆ ಕೊಟ್ಟೆ.

ಹೂವಿನ ಹಾರ ಹಾಕಿ ಯಾರೂ ಸ್ವಾಗತಿಸಲಿಲ್ಲ. ಸೋಮವಾರಪೇಟೆ ಹತ್ತಿರದ ಒಬ್ಬರು ವ್ಯಾಪಾರದವರು ಪತ್ರ ಓದಿ, "ನಂಗೆ ಬಂದಿದ್ ಹೆದ್ರಿಕೆನೂ ವಾಪಸ್ ತಗೊಂಡೋಗಮ್ಮ" ಎಂದರು. ಇನ್ನೊಬ್ಬರಿಗೆ ಆಗಲೇ ಯಾರೋ ಡಾಕ್ಟರು ಮಾತ್ರೆ ಕೊಟ್ಟಿದ್ದರು, ಅದರಿಂದ ಹಗಲೂ ತೂಕಡಿಸುತ್ತಿದ್ದರು. ಅವರ ಮನೆಯಿಂದ ಹೊರಗೆ ಬಂದು ರಸ್ತೆ ಬದಿ ಕೂತು ಅತ್ತೆ.

ಜೀಪಿನಮ್ಮನ ಮಗ ನನ್ನ ಪತ್ರವನ್ನು ಎರಡು ಸಲ ಓದಿ ವಾಪಸ್ ಚಾಚಿದರು. ಐವತ್ತರ ಹತ್ತಿರದ, ಸೌಮ್ಯ ಸ್ವಭಾವದ ತೋಟಗಾರ.

"ಮೇಡಂ, ತಿಂಗಳ ಹಿಂದೆ ಹಾಗೆ ಬರೆದ್ರಿ. ಈಗ ಹೀಗೆ ಬರೀತೀರಿ. ಕೆಳಗೆ ಸಹಿ ಒಂದೇ. ಯಾವುದನ್ನ ನಂಬ್ಲಿ? ನಮ್ಮ ರಸ್ತೆ ನೋಡಿದ್ದೀರಲ್ಲ, ಒಂದು ಕಡೆ ಆಳದ ಗುಂಡಿ, ಒಂದು ಕಡೆ ಗೋಡೆ ಹಾಗೆ ಮಣ್ಣಿನ ದರೆ. ಅವ್ವ ಒಬ್ಬಳೇ ಅಲ್ಲ, ಹಿಂದೆ ಎಂಟು ಹೆಂಗಸರು ಕೂತಿರ್ತಾರೆ."

ಜೀಪಿನಮ್ಮ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಎಲ್ಲ ಕೇಳಿಸಿಕೊಂಡರು. "ಮತ್ತೊಂದು ಸಲ ಮೆಷಿನಿಗೆ ಹಾಕು," ಎಂದರು ನನಗೆ. "ಈ ಸಲ ಎಂಥ ಮಾಡ್ಬೇಕು ಎಂಥ ಮಾಡ್ಬಾರದು ಅಂತ ಸರೀ ಹೇಳಿಕೊಟ್ಟು ಹಾಕು."

ನೈತಿಕ ಸಮಿತಿಯವರು ನಾನು ನಿರೀಕ್ಷಿಸಿದ್ದಕ್ಕಿಂತ ಬೇಗ ಉತ್ತರ ಕೊಟ್ಟರು. ಯಾರಿಗೂ ವೈಯಕ್ತಿಕ ವರದಿ ಕೊಡಬಾರದು, ಕೊಟ್ಟದ್ದನ್ನು ಯೋಜನೆಯೇ ಹಿಂಪಡೆಯಬೇಕು, ಒಪ್ಪಿದವರನ್ನು ಸರಿಯಾದ ವಿಧಾನದಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಕು ಎಂದರು. ಮುಖ್ಯಸ್ಥರು ಒಪ್ಪಿದರು. ಈ ಸುತ್ತು ಮುಗಿದ ಮೇಲೆ ನನ್ನ ಗುತ್ತಿಗೆ ಮುಂದುವರಿಯುವುದಿಲ್ಲ ಎಂಬ ಕಾಗದವನ್ನೂ ಅದೇ ವಾರ ಕಳಿಸಿದರು. ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ವ್ಯಾನ್ ಗೊತ್ತುಮಾಡಲು ಹೋದೆ.

ಹನ್ನೊಂದರಲ್ಲಿ ಏಳು ಜನ ಬಂದರು. ಹೊಸ ವಿಧಾನ ಹೀಗಿತ್ತು. ಹಿಂದಿನ ದಿನ ಚೆನ್ನಾಗಿ ನಿದ್ದೆ, ಊಟವಾದ ತಕ್ಷಣ ಸ್ಕ್ಯಾನ್ ಬೇಡ, ಕಣ್ಣು ತೆರೆದಿದೆಯೇ ಎಂದು ಒಳಗಿನ ಕ್ಯಾಮೆರಾದಲ್ಲಿ ನೋಡಿಕೊಳ್ಳುವುದು, ಆಪರೇಟರ್ ಒಂದು ಮಾತೂ ಆಡಬಾರದು. ಪ್ರಾಯದವರಿಗೂ ಇದೇ. ಮಾತಾಡದೆ ಇರುವುದು ಅವನಿಗೆ ಶಿಕ್ಷೆಯಾಯಿತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಮೊದಲ ಇಬ್ಬರದು ಆಗಲಿಲ್ಲ. ಸದ್ದು ನಿಂತು ಶುರುವಾಗುವಾಗಲೆಲ್ಲ, ಯಾರೋ ಕರೆದರೆಂದು ತಲೆ ತಿರುಗಿಸಿದರು. ಅವರನ್ನು ಇಳಿಸಿ, ಬರೀ ಸದ್ದನ್ನು ಕೇಳಿಸಿ ಅಭ್ಯಾಸ ಮಾಡಿಸಿ, ಮಧ್ಯಾಹ್ನ ಮತ್ತೆ ಹಾಕಿದೆವು.

ಜೀಪಿನಮ್ಮನ ಸರದಿ ಬಂದಾಗ ಸ್ಪಂಜು ಇಡುತ್ತ ಹೇಳಿದೆ: "ಅಮ್ಮ, ಹತ್ತು ನಿಮಿಷ ಇವನು ನಿಮ್ಮನ್ನ ಮಾತಾಡಿಸೋದಿಲ್ಲ. ಅದು ಅಸಡ್ಡೆ ಅಲ್ಲ. ನೀವೂ ಹೂಂ ಅನ್ನೋ ಹಾಗಿಲ್ಲ. ಅದೂ ಅವಮರ್ಯಾದೆ ಅಲ್ಲ."

"ಹೇಳೋದಿದ್ರೆ?"

"ಮುಗಿದ ಮೇಲೆ ಎಲ್ಲ ಸೇರಿಸಿ ಹೇಳಿ."

ಹತ್ತು ನಿಮಿಷ ಪರದೆಯ ಮೇಲೆ ಅವರ ಕಣ್ಣು ರೆಪ್ಪೆ ಬಡಿಯುವುದನ್ನು ಬಿಟ್ಟರೆ ಏನೂ ಅಲುಗಲಿಲ್ಲ. ಮುನ್ನೂರನೆಯ ಚಿತ್ರ ಮುಗಿದು ಸದ್ದು ನಿಂತಿತು. ಮೈಕಿನಲ್ಲಿ ಅವರ ದನಿ ಬಂತು: "ಹೂಂ. ಹೂಂ. ಹೂಂ. ಹೂಂ." ಆಪರೇಟರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಅವರ ಗೆರೆ ಸಪಾಟಾಗಿತ್ತು. ಅವರ ಮೆದುಳಿನ ಗೋಡೆಗಳು ಇಪ್ಪತ್ತರ ಹುಡುಗಿಯ ಗೋಡೆಗಳಾಗಿರಲಿಲ್ಲ. ತೆಳುವಾಗಿದ್ದವು, ಅವರ ವಯಸ್ಸಿನವರಲ್ಲಿ ಇರಬೇಕಾದಷ್ಟು. ಮತ್ತೆ ಸ್ಕ್ಯಾನ್ ಆದವರೆಲ್ಲರನ್ನೂ ಸೇರಿಸಿ ನೋಡಿದಾಗಲೂ ಹಿರಿಯರಿಗೂ ಕಿರಿಯರಿಗೂ ವ್ಯತ್ಯಾಸ ಉಳಿಯಿತು, ಮೊದಲು ನಾವು ಕುಣಿದಾಡಿದಷ್ಟು ಅಲ್ಲ. ವಯಸ್ಸಾದರೆ ಮೆದುಳು ಬದಲಾಗುವುದಿಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ, ಬದಲಾಗುತ್ತದೆ. ಬದಲಾಗುವುದಕ್ಕೂ ಕೆಡುವುದಕ್ಕೂ ನಡುವೆ ಇರುವ ಜಾಗದಲ್ಲಿ ಜನ ಇಪ್ಪತ್ತು ಮೂವತ್ತು ವರ್ಷ ಬದುಕುತ್ತಾರೆ, ತೋಟ ನೋಡುತ್ತಾರೆ, ಗಾಡಿ ಓಡಿಸುತ್ತಾರೆ. ಅವರನ್ನು ಒಂದು ಕಾಗದದಿಂದ ಜಗಲಿಯ ಮೇಲೆ ಕೂರಿಸಲು ನಮಗೆ ಅಧಿಕಾರ ಕೊಟ್ಟವರು ಯಾರು?

ಗುತ್ತಿಗೆ ಮುಗಿಯುವ ವಾರ, ಯೋಜನೆಯ ಮುದ್ರೆ ಇದ್ದ ಹಿಂಪಡೆಯುವ ಪತ್ರ ಹಿಡಿದು ಆ ತೋಟಕ್ಕೆ ಹೋದೆ. ಮಗ ಕೂತು ಓದಿದರು.

"ಅಂದ್ರೆ ಅವ್ವ ಸರಿ ಇದ್ದಾಳೆ, ಗಾಡಿ ಓಡಿಸ್ಬಹುದು ಅಂತ ಬರೆದುಕೊಡಿ ಮೇಡಂ. ನಾನು ಈಗ್ಲೇ ಕೀ ಕೊಡ್ತೇನೆ."

ಬರೆದುಕೊಟ್ಟುಬಿಡಬಹುದಿತ್ತು. ಜೀಪಿನಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೂ ಅವರಿಗೆ ಆ ಕೀ ಸಿಗಲಿ ಎಂದು ಹೊಟ್ಟೆಯೊಳಗಿಂದ ಆಸೆ.

"ಬರೆಯೋದಿಲ್ಲ," ಎಂದೆ. "ಗಾಡಿ ಓಡಿಸಬಾರದು ಅಂತ ಹೇಳೋಕೆ ಆ ಸ್ಕ್ಯಾನಿಗೆ ಹೇಗೆ ಬರೋದಿಲ್ವೋ, ಓಡಿಸಬಹುದು ಅಂತ ಹೇಳೋಕೂ ಬರೋದಿಲ್ಲ. ಇನ್ನೊಂದು ಸುಳ್ಳು ಪತ್ರಕ್ಕೆ ನನ್ನ ಸಹಿ ಬೇಡ."

"ಹಾಗಾದ್ರೆ ಯಾರು ಹೇಳೋದು?"

"ನೀವೇ ಹೇಳಿ. ಆ ಪತ್ರ ಬರೋದಕ್ಕೆ ಮುಂಚೆ ಅವ್ವ ಎಲ್ಲಿಗಾದ್ರೂ ಗುದ್ದಿದ್ರಾ? ದಾರಿ ತಪ್ಪಿದ್ರಾ? ಗೇರು, ಬ್ರೇಕು ಮರೆತ್ರಾ? ಪಕ್ಕದಲ್ಲಿ ಕೂತಾಗ ನಿಮಗೆ ಹೆದರಿಕೆ ಆಗಿತ್ತಾ?"

ಮಗ ಯೋಚಿಸಿದರು. ಅಂಗಳದಲ್ಲಿ ಪಿಕ್ಕಿಂಗ್ ಹೆಂಗಸರು ಚೀಲ ಮಡಚುತ್ತ ನಿಂತಿದ್ದರು, ಅವರೂ ಇತ್ತ ತಿರುಗಿದರು.

"ಇಲ್ಲ," ಎಂದರು ಕೊನೆಗೆ. "ನಿಧಾನ ಓಡಿಸ್ತಾಳೆ. ಅದು ಮೊದಲಿಂದಲೂ ನಿಧಾನವೇ."

"ಮತ್ತೆ ಹೆದರಿಕೆ ಎಲ್ಲಿಂದ ಬಂತು?"

"ನಿಮ್ಮ ಕಾಗದದಿಂದ."

"ಆ ಕಾಗದ ಈಗ ಇಲ್ಲ. ಮುಂದೆ ಯಾವತ್ತಾದ್ರೂ ನಿಮ್ಮ ಕಣ್ಣಿಗೇ ತಪ್ಪು ಕಂಡ್ರೆ ಆವತ್ತು ಅವರ ಎದುರಿಗೇ ಹೇಳಿ. ಅಡಗಿಸಿ ಇಡಬೇಡಿ."

ಮಗ ಎದ್ದು ಒಳಗೆ ಹೋದರು. ಕಪಾಟು ತೆಗೆದ ಸದ್ದು, ಡ್ರಾಯರ್ ಎಳೆದ ಸದ್ದು ಕೇಳಿಸಿತು. ಹೊರಗೆ ಬಂದು ಕಿಟಕಿಯ ಮೇಲೆ ಕೈಯಾಡಿಸಿದರು, ಮತ್ತೆ ಒಳಗೆ ಹೋದರು. ಫ್ರಿಜ್ಜಿನ ಮೇಲಿದ್ದ ಡಬ್ಬಗಳನ್ನು ಇಳಿಸಿದರು. ಹಣೆಯ ಮೇಲೆ ಬೆವರು ಬಂದಿತ್ತು. ಒಮ್ಮೆ ಕಪಾಟಿನಲ್ಲಿ ಇಟ್ಟಿದ್ದೆ, ಅವ್ವನ ಕಣ್ಣಿಗೆ ಬಿದ್ದೀತೆಂದು ಆಮೇಲೆ ಜಾಗ ಬದಲಿಸಿದೆ, ಎಲ್ಲಿ ಎಂದು ಹೊಳೆಯುತ್ತಿಲ್ಲ ಎಂದು ನನಗೆ ಮೆಲ್ಲಗೆ ಹೇಳಿದರು.

ಜೀಪಿನಮ್ಮ ಅಡಿಕೆಕತ್ತರಿ ಕೆಳಗಿಟ್ಟರು.

"ಗೋಡೌನಿಲಿ ನಿನ್ನ ಹಳೆ ರೇನ್‌ಕೋಟ್ ನೇತಾಡ್ತಾ ಉಟ್ಟಲ್ಲ. ಎಡಗಡೆ ಜೇಬು ನೋಡು."

ಮಗ ಅಲ್ಲೇ ನಿಂತುಬಿಟ್ಟರು.

"ಗೊತ್ತಿದ್ದೂ ಇಷ್ಟು ದಿನ ಯಾಕಮ್ಮ ಸುಮ್ಮನಿದ್ರಿ?" ಎಂದು ಆಮೇಲೆ ಕೇಳಿದೆ.

"ನನ್ನ ಜೀಪಿನ ಕೀ ನಾನೇ ಕದಿಯೋದಾ?" ಎಂದರು. "ತೆಗ್ದವ್ನೇ ತಂದ್ ಕೊಡ್ಲಿ ಅಂತ ಕಾದೆ."

ಮಗ ಗೋಡೌನಿಗೆ ಹೋಗಿ ಬರುವವರೆಗೂ ಅವರು ಬಲಗೈಯನ್ನು ಚಾಚಿಕೊಂಡೇ ಕೂತಿದ್ದರು.